ಪಾತಾಳಗರಡಿ ಕದಿರಪ್ಪ

ಕ್ಯಾಸಂಬಳ್ಳಿಯಿಂದ ಒಳಕ್ಕೆ ಹೋಗುವ ಮಣ್ಣುದಾರಿಯಲ್ಲಿ ಸಿಗುವ ಆ ಹಳ್ಳಿಯಲ್ಲಿ ಕದಿರಪ್ಪನ ಮನೆ ಎಲ್ಲಿ ಅಂದರೆ ಯಾವ ಕದಿರಪ್ಪ ಅಂತ ಮರುಪ್ರಶ್ನೆ ಬರುತ್ತಿತ್ತು. ಪಾತಾಳಗರಡಿ ಕದಿರಪ್ಪ ಅಂದರೆ ಮಾತ್ರ ಯಾರಾದರೂ ಎದ್ದು ಬಂದು ಬೀದಿಯವರೆಗೆ ಬಿಟ್ಟು ಹೋಗುತ್ತಿದ್ದರು. ಪಾತಾಳಗರಡಿ ಅಂದರೆ ಬಾವಿಗೆ ಬಿದ್ದ ಕೊಡ, ಬಕೀಟು, ಬಿಂದಿಗೆ ಎತ್ತುವ ಕಬ್ಬಿಣ. ಮೇಲೆ ಹಗ್ಗ ಕಟ್ಟುವುದಕ್ಕೆ ಒಂದು ದಪ್ಪ ಬಳೆ, ಕೆಳಗೆ ಸುತ್ತಲೂ ಚೇಳಿನ ಕೊಂಡಿಯಂಥ ಕೊಕ್ಕೆಗಳು. ಕ್ಯಾಸಂಬಳ್ಳಿ ಸುತ್ತಮುತ್ತಲ ಹಳ್ಳಿಗಳಲ್ಲಿ ಅಂಥದ್ದು ಇದ್ದದ್ದು ಅವನೊಬ್ಬನ ಹತ್ತಿರ.

ಅವನಪ್ಪ ಚಿನ್ನದ ಗಣಿಯ ಗುಜರಿ ಕಬ್ಬಿಣ ತಂದು ಊರ ಆಚಾರಿಯ ಹತ್ತಿರ ಮಾಡಿಸಿದ್ದು. ಒಂದು ಸಲ ಕಲ್ಲಿನ ಸಂದಿಗೆ ಸಿಕ್ಕು ಒಂದು ಕೊಕ್ಕೆ ಮುರಿಯಿತು. ಮೈಸೂರು ಮೈನ್ಸ್‌ನಲ್ಲಿ ಫಿಟರ್ ಆಗಿದ್ದ ಏಳುಮಲೈ ಬಂಡೆ ಕೊರೆಯುವ ಸರಳಿನ ತುಂಡು ಕಾಯಿಸಿ ಹೊಸ ಕೊಕ್ಕೆ ಕೂರಿಸಿಕೊಟ್ಟ. ಅದು ಉಳಿದವಕ್ಕಿಂತ ದಪ್ಪವಾಯಿತು, ಬಾಗಿದ್ದೂ ಎದುರು ದಿಕ್ಕಿಗೆ. "ಪಾದಾಳ ಕರಂಡಿ ಇದು, ಮದುವೆ ಹೆಣ್ಣಾ, ಅಂದ ನೋಡಕ್ಕೆ?" ಅಂತ ಏಳುಮಲೈ ಅರ್ಧ ತಮಿಳಿನಲ್ಲಿ ಅಂದದ್ದನ್ನು ಕದಿರಪ್ಪ ಎಷ್ಟೋ ವರ್ಷ ಹೇಳಿಕೊಂಡು ನಗುತ್ತಿದ್ದ. ಅವನು ನಗುತ್ತಿದ್ದ ಮಾತುಗಳು ಹೆಚ್ಚು ಇರಲಿಲ್ಲ.

ಒಂದಿಷ್ಟು ರಾಗಿ ಹೊಲ, ಎರಡು ಎಮ್ಮೆ ಬಿಟ್ಟರೆ ಕದಿರಪ್ಪನಿಗೆ ಬೇರೇನೂ ಇರಲಿಲ್ಲ. ಆದರೆ ಯಾರದಾದರೂ ಬಾವಿಯ ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಾಗ ಅವನು ಬೇರೆಯೇ ಮನುಷ್ಯ. ಕಣ್ಣು ಮುಚ್ಚಿಕೊಂಡು, ಬೆರಳಿನಲ್ಲೇ ಪಾತಾಳ ಮುಟ್ಟಿ ನೋಡುತ್ತಿದ್ದ. ಸುತ್ತ ನಿಂತ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. "ತಗಲ್ತು" ಅಂತ ಅವನು ಅಂದರೆ ತಗಲಿತು ಅಂತಲೇ. ಗರಡಿಯನ್ನು ಬೇರೆಯವರ ಕೈಗೆ ಕೊಡುವುದು ಅಪರೂಪ. ಕೊಟ್ಟರೂ ಒಂದು ಪಾತ್ರೆ ಅಡ ಇಟ್ಟುಕೊಳ್ಳದೆ ಕೊಡುತ್ತಿರಲಿಲ್ಲ. ಅಣ್ಣ ತಮ್ಮಂದಿರಿಗೂ ಅದೇ ಕಟ್ಟಳೆ. ಹಾಗೆ ಮಾಡದಿದ್ದರೆ ಕಬ್ಬಿಣ ವಾಪಸ್ ಬರುವುದಿಲ್ಲ ಅಂತ ಅವನಪ್ಪ ಹೇಳಿಕೊಟ್ಟಿದ್ದ.

ಅವನಿಗೆ ಒಬ್ಬಳೇ ಮಗಳು, ಮಂಗಮ್ಮ. ಅವಳನ್ನು ಕಾಮಸಮುದ್ರದ ಹತ್ತಿರದ ಹಳ್ಳಿಗೆ, ವೆಂಕಟರಾಯಪ್ಪನ ಮಗ ಆಂಜಿನಪ್ಪನಿಗೆ ಕೊಟ್ಟಿದ್ದ. ನೀರಾವರಿ ಜಮೀನು, ಕಲ್ಲು ಕಟ್ಟಿದ ಬಾವಿ, ಬಾವಿಯ ಪಕ್ಕ ದೊಡ್ಡ ಬೇವಿನ ಮರ. ಸಂಬಂಧ ಕುದುರಿದ ದಿನ ಕದಿರಪ್ಪ ಆ ಬಾವಿಯೊಳಕ್ಕೆ ಬಗ್ಗಿ ನೋಡಿ, "ಇಂಥಾ ನೀರಿರೋ ಮನೇಲಿ ನನ್ನ ಮಗಳು ಒಣಗಲ್ಲ" ಅಂದಿದ್ದ.

ಮದುವೆಯಾದ ಮಾರನೇ ವರ್ಷ, ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ, ಬೆಳಗಿನ ಹೊತ್ತಿಗೇ ಆಂಜಿನಪ್ಪ ಸೈಕಲ್ ತುಳಿದುಕೊಂಡು ಬಂದ. ಬೆವರಿಗೆ ಅಂಗಿ ಮೈಗೆ ಅಂಟಿತ್ತು. ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದು ಹಿತ್ತಾಳೆ ಚೊಂಬು ಕಟ್ಟಿತ್ತು.

"ಕೊಡ ಬಿದ್ದೈತೆ ಮಾವ ಬಾವೀಗೆ. ಗರಡಿ ಬೇಕಿತ್ತು."

"ತಡಿ, ನಾನೂ ಬತ್ತೀನಿ. ಮಂಗೀನೂ ನೋಡ್ದಂಗಾಯ್ತು."

"ಬ್ಯಾಡ ಮಾವ. ಈ ಬಿಸಿಲಾಗೆ ನೀನ್ಯಾಕೆ. ನಾನೇ ತೆಗೀತೀನಿ. ಎಂಗೆ ಬಿಡಬೇಕು, ಅಷ್ಟು ಯೋಳು ಸಾಕು."

ಅಳಿಯ ಕಟ್ಟಳೆ ತಿಳಿದು ಚೊಂಬು ತಂದಿದ್ದಾನಲ್ಲ ಅಂತ ಕದಿರಪ್ಪನಿಗೆ ಖುಷಿಯಾಯಿತು. ಜಗುಲಿಯ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿಕೊಟ್ಟ. ಮೊದಲು ಗೋಡೆಯ ಗುಂಟ ಸುತ್ತಿಸಬೇಕು. ತಳ ಮುಟ್ಟಿದ ಮೇಲೆ ಒಂದು ಗೇಣು ಎತ್ತಿ ಎಳೆಯಬೇಕು. ತಗಲಿತು ಅಂತ ಕೈಗೆ ಗೊತ್ತಾದ ಕೂಡಲೇ ಜಗ್ಗಬಾರದು, ಕೊಕ್ಕೆ ಕೂರುವವರೆಗೆ ಸುಮ್ಮನಿರಬೇಕು. ಭಾರ ಇದ್ದರೆ ಇಬ್ಬರು ಹಿಡಿಯಬೇಕು. ಆಂಜಿನಪ್ಪ ತಲೆ ತಗ್ಗಿಸಿಕೊಂಡು ಕೇಳಿದ. ಹೆಂಡತಿ ನಾರಾಯಣಮ್ಮ ಮಜ್ಜಿಗೆ ಕೊಟ್ಟು, "ಮಂಗಿ ಎಂಗವ್ಳೆ?" ಅಂದಳು.

"ಚೆನ್ನಾಗವ್ಳೆ."

ನಾರಾಯಣಮ್ಮ ಒಂದು ಬಟ್ಟೆಯಲ್ಲಿ ಹುರಿದ ಕಡಲೇಕಾಯಿ ಕಟ್ಟಿಕೊಟ್ಟಳು, ಮಗಳಿಗೆ ಅಂತ. ಆಂಜಿನಪ್ಪ ಅದನ್ನೂ ತೆಗೆದುಕೊಂಡು ಹೋದ.

ಆ ವಾರದಲ್ಲೇ ವೆಂಕಟರಾಯಪ್ಪ ತಾನೇ ಬಂದ, ಜೊತೆಯಲ್ಲಿ ತಮ್ಮೂರಿನ ಇಬ್ಬರು ದೊಡ್ಡ ಮನುಷ್ಯರನ್ನು ಕರೆದುಕೊಂಡು. ಜಗುಲಿಯ ಮೇಲೆ ಕೂರದೆ ಬೀದಿಯಲ್ಲೇ ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ ಮಾತಾಡಿದ. ಮಂಗಮ್ಮ ಮನೆ ಬಿಟ್ಟು ಹೋಗಿದ್ದಾಳೆ. ಯಾವನೋ ಲಾರಿ ಕ್ಲೀನರ್ ಜೊತೆ ಬಂಗಾರಪೇಟೆ ಸ್ಟೇಷನ್‌ನಲ್ಲಿ ನಿಂತಿದ್ದನ್ನು ಕಂಡವರಿದ್ದಾರೆ.

"ಓಗೋಳು ಬರಿಗೈಲಿ ಓಗ್ಲಿಲ್ಲ, ಕದಿರಪ್ಪ. ನಿನ್ನ ಗರಡೀನೂ ಎತ್ಕೊಂಡೋಗವ್ಳೆ. ಗುಜರಿಗೆ ಆಕಿ ರೈಲ್ ಚಾರ್ಜ್ ಮಾಡ್ಕೊಂಡ್ಳೇನೋ. ನಮ್ಮ ಚೊಂಬು ನೀನೇ ಇಟ್ಕೋ. ನಿಂದು ಓಗಿದ್ದಕ್ಕೆ ಅದು ಆಯ್ತು."

ಬೀದಿಯಲ್ಲಿ ಯಾರೋ ನಕ್ಕರು. ಕದಿರಪ್ಪ ಮೆಟ್ಟಿಲು ಇಳಿದು ಹೋಗಿ ವೆಂಕಟರಾಯಪ್ಪನ ಕಾಲು ಹಿಡಿದ. ಮಗಳು ಹೋದದ್ದಕ್ಕಿಂತ ಹೆಚ್ಚಾಗಿ, ಅಡ ಇಟ್ಟುಕೊಂಡು ಕೊಟ್ಟ ಕಬ್ಬಿಣವನ್ನು ತನ್ನ ಮಗಳೇ ಕದ್ದಳು ಅನ್ನುವುದು ಅವನನ್ನು ಸುಟ್ಟಿತು. ಮಾರನೇ ದಿನ ಕೆರೆಯ ಹತ್ತಿರ ತಲೆ ಬೋಳಿಸಿಕೊಂಡು, ಬದುಕಿರುವ ಮಗಳಿಗೆ ಎಳ್ಳು ನೀರು ಬಿಟ್ಟು ಬಂದ.

ನಾರಾಯಣಮ್ಮ ಮಾತ್ರ ನಂಬಲಿಲ್ಲ. ಅವಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ಆ ಚೊಂಬು. "ಇತ್ತಾಳೆ ಚೊಂಬು ಯಾರಾದ್ರೂ ತುಕ್ಕು ಕಬ್ಬಿಣಕ್ಕೆ ಬಿಟ್ಟೋಗ್ತಾರಾ? ಆ ಮನೇರು ಉಪ್ಪಿನ ಕಲ್ಲು ಬಿಡೋರಲ್ಲ. ಯಾಕೆ ಕೇಳ್ಲಿಲ್ಲ ಅವ್ರು?" ಅಂತ ಅವಳು ಮೊದಲ ಸಲ ಕೇಳಿದಾಗ ಕದಿರಪ್ಪ ಎದ್ದು ಹೊಲಕ್ಕೆ ಹೋದ. ಎರಡನೇ ಸಲ ಕೇಳಿದಾಗ ಎಮ್ಮೆ ಹೊಡೆಯುವ ಹುಣಸೇ ಬರಲು ತೆಗೆದುಕೊಂಡ. ಅಂಥ ಮಗಳನ್ನು ಹೆತ್ತದ್ದಕ್ಕೆ, ಹೆತ್ತು ಈಗ ಅವಳ ಪರ ಮಾತಾಡುವುದಕ್ಕೆ, ಬೀದಿಯಲ್ಲಿ ಜನ ನಕ್ಕದ್ದಕ್ಕೆ, ಎಲ್ಲಕ್ಕೂ ಸೇರಿಸಿ ಹೊಡೆದ. ಒಂದು ಏಟು ಕಿವಿಯ ಮೇಲೆ ಬಿತ್ತು. ಕಿವಿ ಸೋರಿತು, ಮಾಗಿತು, ಆಮೇಲೆ ಆ ಕಡೆ ಕೇಳಿಸಲೇ ಇಲ್ಲ.

ನಾರಾಯಣಮ್ಮ ಕದ್ದು ಒಂದು ದಿನ ಕಾಮಸಮುದ್ರದ ಬಸ್ಸು ಹತ್ತಿ ಹೋಗಿ ಬಂದಳು. ಬಂದವಳೇ, "ಬಾವಿ ಮುಚ್ಚವ್ರೆ. ಮಣ್ಣು ಇನ್ನಾ ಅಸಿ ಐತೆ" ಅಂದಳು. ಕದಿರಪ್ಪ ಅವಳನ್ನು ಹೊರಗೆ ನೂಕಿ ಬಾಗಿಲು ಹಾಕಿಕೊಂಡ. ನೀರು ಬತ್ತಿದರೆ ಯಾರಾದರೂ ಬಾವಿ ಮುಚ್ಚುತ್ತಾರೆ, ಅದರಲ್ಲೇನು. ಅವಳು ಹಿತ್ತಲಿನ ಎಮ್ಮೆ ಕೊಟ್ಟಿಗೆಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ಸಗಣಿ ಬಾಚಿ, ಒಳಗೆ ಬಂದು ಒಲೆ ಹಚ್ಚಿದಳು. ಮತ್ತೆ ಆ ಮಾತು ಎತ್ತಲಿಲ್ಲ. ಮಂಗಮ್ಮನ ಹೆಸರು ಆ ಮನೆಯಲ್ಲಿ ನಿಂತುಹೋಯಿತು. ಗಂಡ ಹೆಂಡಿರ ನಡುವೆ ಉಪ್ಪು ಸಾಲದು, ಎಮ್ಮೆ ಈಯಿತು ಅನ್ನುವಷ್ಟು ಮಾತು ಉಳಿಯಿತು. ಕದಿರಪ್ಪ ಇನ್ನೊಂದು ಗರಡಿ ಮಾಡಿಸಲಿಲ್ಲ. ಬಾವಿಗಳೂ ಒಂದೊಂದಾಗಿ ಒಣಗಿದವು, ಬೋರ್‌ವೆಲ್ ಲಾರಿಗಳು ಬಂದವು. ಹೆಸರೊಂದು ಮಾತ್ರ ಅವನಿಗೆ ಅಂಟಿಕೊಂಡಿತ್ತು.

ಎಂಬತ್ತೇಳರಲ್ಲಿ ಒಂದು ಮಧ್ಯಾಹ್ನ ಗೋಣಿಚೀಲ ಹೊತ್ತುಕೊಂಡು ಜಯರಾಮಪ್ಪ ಅನ್ನುವವನು ಬಂದ. ವಿ. ಕೋಟೆ ಕಡೆಯವನು, ಮಾತಿನ ತುಂಬ ತೆಲುಗು. ಹಿಂದಿನ ವರ್ಷ ಕಾಮಸಮುದ್ರದ ಹತ್ತಿರ ಜಮೀನು ತೆಗೆದುಕೊಂಡು ಟೊಮ್ಯಾಟೊ ಹಾಕುತ್ತಿದ್ದ. ಟ್ರ್ಯಾಕ್ಟರ್ ಬಿಟ್ಟಾಗ ನೇಗಿಲಿಗೆ ಚೀಲದಲ್ಲಿದ್ದ ಈ ಕಬ್ಬಿಣ ಸಿಕ್ಕಿ ಎರಡು ಹಲ್ಲು ಡೊಂಕಾದವಂತೆ. ಟೀ ಅಂಗಡಿಯ ಬೆಂಚಿನ ಮೇಲೆ ಇಟ್ಟು ಬಂದವರಿಗೆಲ್ಲ ತೋರಿಸಿದ್ದಾನೆ. ಗಣಿಯ ಮೆಷಿನ್ ಚೂರು ಅಂದವರು ಕೆಲವರು, ಹಳೇ ಕಾಲದ ಆಯುಧ ಅಂದವರು ಕೆಲವರು. ಮಾಟದ ಕಬ್ಬಿಣ, ಮನೆಯಲ್ಲಿ ಇಡಬೇಡ ಅಂತ ಒಬ್ಬ ಹೆದರಿಸಿದ. ಕೊನೆಗೆ ಬಸ್ ಕಂಡಕ್ಟರ್ ಒಬ್ಬ, ಕ್ಯಾಸಂಬಳ್ಳಿ ಕಡೆ ಹಳೇ ಕಬ್ಬಿಣದ ಕದಿರಪ್ಪ ಅಂತ ಇದ್ದಾನೆ, ಅವನನ್ನು ಕೇಳು ಅಂದಿದ್ದಾನೆ.

"ನಂಗೆ ಭಯ ಆಗಿದ್ದು ಬೇರೆದಕ್ಕೆ, ಪೆದ್ದಾಯನಾ," ಅಂದ ಜಯರಾಮಪ್ಪ, ಹಿರಿಯರನ್ನು ತೆಲುಗಿನಲ್ಲಿ ಕರೆಯುವ ಹಾಗೆ. "ನಮ್ಮೂರ ಮುದುಕ್ರು ಇದ್ರಲ್ಲ, ಅವ್ರು ಇದನ್ನ ನೋಡಿದ್ದೇ ಟೀ ಬಿಟ್ಟು ಎದ್ದೋದ್ರು. ಒಬ್ರೂ ಮಾತಾಡ್ಲಿಲ್ಲ. ಮಾಟಾನೇ ಅಂದ್ಕೊಂಡೆ."

ಚೀಲದಿಂದ ಹೊರಬಿದ್ದದ್ದು ಮಣ್ಣು, ಬೇರು, ತುಕ್ಕು ಕಚ್ಚಿಕೊಂಡ ಒಂದು ಉಂಡೆ. ಮೇಲಿನ ಬಳೆ ಮುರಿದಿತ್ತು. ಕೊಕ್ಕೆಗಳು ಒಂದರೊಳಗೊಂದು ಸೇರಿಕೊಂಡು ಸತ್ತ ನಳ್ಳಿಯ ಹಾಗೆ ಮುದುಡಿದ್ದವು. ಕದಿರಪ್ಪ ಜಗುಲಿಯ ಮೇಲೆ ಕೂತು ಚಪ್ಪಡಿ ಚೂರಿನಿಂದ ನಿಧಾನವಾಗಿ ಕೆರೆದ. ಹೊಸ ಕೆಲಸ ಸಿಕ್ಕಿದ ಉತ್ಸಾಹ ಇತ್ತು ಅವನಿಗೆ. ಬಹಳ ವರ್ಷದ ಮೇಲೆ ಒಬ್ಬರು ಅವನನ್ನು ಹುಡುಕಿಕೊಂಡು ಬಂದಿದ್ದರು. ಒಂದು ಕೊಕ್ಕೆ ಬಿಡಿಸಿದ, ಇನ್ನೊಂದು ಬಿಡಿಸಿದ. ಆಮೇಲೆ ದಪ್ಪದ್ದು ಸಿಕ್ಕಿತು, ಎದುರು ದಿಕ್ಕಿಗೆ ಬಾಗಿದ್ದು. ಕೆರೆಯುವುದನ್ನು ನಿಲ್ಲಿಸಿದ.

"ಯಾರ ಅತ್ರ ತಗೊಂಡೆ ಜಮೀನು?"

"ವೆಂಕಟರಾಯಪ್ಪ ಅಂತ. ತೀರ್ಕೊಂಡ್ರು ಪಾಪ. ಮಗ ಬರ್ಕೊಟ್ಟ, ಆಂಜಿನಪ್ಪ. ಡೈರಿ ಸೆಕ್ರೆಟರಿ."

"ಜಮೀನಾಗೆ ಎಲ್ಲಿ ಸಿಕ್ತು?"

"ಬೇವಿನ ಮರದ ಪಕ್ಕ."

"ಅಲ್ಲಿ ಬಾವಿ ಇತ್ತಲ್ಲ."

"ಬಾವಿನಾ? ನಾನು ತಗೊಂಡಾಗ ಮಟ್ಟಸ ನೆಲ. ಬಾವಿ ವಿಷ್ಯ ಯಾರೂ ಯೋಳ್ಲಿಲ್ಲ."

ಕದಿರಪ್ಪ ಆ ದಪ್ಪ ಕೊಕ್ಕೆಯ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ, "ಇದು ಪಾತಾಳಗರಡಿ. ಕೊಡ ತೆಗ್ಯೋದು. ನಂದೇ ಇದು" ಅಂದ.

ಜಯರಾಮಪ್ಪನ ಮುಖ ಬಿಚ್ಚಿಕೊಂಡಿತು. ಮಾಟವಲ್ಲವಲ್ಲ, ಅಷ್ಟು ಸಾಕು. ನಿಂದಾದ್ರೆ ನೀನೇ ಇಟ್ಕೋ ಅಂದು, ಖಾಲಿ ಚೀಲ ಕೊಡವಿ ಹೆಗಲಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಹೋದ.

ಆಗ ಕದಿರಪ್ಪನಿಗೆ ಒಂದೊಂದೇ ತಿಳಿಯಿತು. ಕಾಮಸಮುದ್ರದಲ್ಲೇ ಇಬ್ಬರ ಹತ್ತಿರ ಗರಡಿ ಇತ್ತು. ಅವರನ್ನು ಬಿಟ್ಟು ಅಳಿಯ ಅಷ್ಟು ದೂರ ಸೈಕಲ್ ತುಳಿದು ಬಂದದ್ದು ಯಾಕೆ? ಅಲ್ಲಿಯವರಾದರೆ ತಾವೇ ಬಂದು ಬಾವಿಗೆ ಬಗ್ಗಿ ನೋಡುತ್ತಾರೆ. ನಾನೂ ಬತ್ತೀನಿ ಅಂದಾಗ ಬೇಡ ಅಂದದ್ದು. ತಲೆ ತಗ್ಗಿಸಿ ಕೂತದ್ದು. ಆ ಹೊತ್ತಿಗೆ ಮಂಗಮ್ಮ ನೀರಿನ ತಳದಲ್ಲಿದ್ದಳು. ಭಾರ ಇದ್ದರೆ ಇಬ್ಬರು ಹಿಡಿಯಿರಿ ಅಂತ ಇದೇ ಜಗುಲಿಯ ಮೇಲೆ ಕೂತು ತಾನೇ ಹೇಳಿಕೊಟ್ಟಿದ್ದ.

ನಾರಾಯಣಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಅರ್ಧ ಮಾತು ಕೇಳಿಸಿರಲಿಕ್ಕಿಲ್ಲ, ಆದರೆ ಕಬ್ಬಿಣ ಕಂಡಿತ್ತು. ಬಂದು ಎದುರಿಗೆ ಕೂತು ಆ ದಪ್ಪ ಕೊಕ್ಕೆಯನ್ನು ಬೆರಳಿನಿಂದ ಮುಟ್ಟಿದಳು.

"ಬೇವಿನ ಮರದ ಅತ್ರ ಸಿಕ್ತಂತೆ," ಅಂದ ಕದಿರಪ್ಪ.

"ನಂಗೊತ್ತಿತ್ತು."

"ಗೊತ್ತಿದ್ರೆ ಯೋಳ್ಬೇಕಿತ್ತು."

ನಾರಾಯಣಮ್ಮ ಅವನನ್ನೇ ನೋಡಿದಳು. ಸಿಟ್ಟು ಮಾಡಲಿಲ್ಲ. ಕೇಳದ ಕಿವಿಯ ಮೇಲಿನ ಸೆರಗು ಸರಿಸಿ, ಆ ಕಡೆಯ ಕೆನ್ನೆ ಅವನಿಗೆ ಕಾಣುವ ಹಾಗೆ ತಿರುಗಿ ಕೂತಳು. ಕದಿರಪ್ಪ ಎದ್ದು ಹಿತ್ತಲಿಗೆ ಹೋಗಿ, ಆ ರಾತ್ರಿ ಅವಳು ಮಲಗಿದ್ದ ಎಮ್ಮೆ ಕೊಟ್ಟಿಗೆಯ ಮುಂದೆ ನಿಂತ.

ಮಾರನೇ ದಿನ ಕಬ್ಬಿಣವನ್ನು ಟವಲಿನಲ್ಲಿ ಸುತ್ತಿಕೊಂಡು ಅಳಿಯನ ಊರಿಗೆ ಹೋದ. ಡೈರಿಯಲ್ಲಿ ಹಾಲು ಅಳೆಯುತ್ತಿದ್ದ ಆಂಜಿನಪ್ಪ ಅವನನ್ನು ಕಂಡು ಅಳತೆ ಬೇರೆಯವನ ಕೈಗೆ ಕೊಟ್ಟು, ಹಿಂದಿನ ಕೋಣೆಗೆ ಕರೆದುಕೊಂಡು ಹೋದ. ದಪ್ಪವಾಗಿದ್ದ, ಕೂದಲು ಉದುರಿತ್ತು. ಎರಡನೇ ಹೆಂಡತಿಯಲ್ಲಿ ಮೂರು ಮಕ್ಕಳಿದ್ದವು. ಟವಲು ಬಿಚ್ಚಿದ್ದನ್ನು ನೋಡಿ ಅವನು ಬೆಚ್ಚಲಿಲ್ಲ. ಟ್ರ್ಯಾಕ್ಟರಿಗೆ ಸಿಕ್ಕ ಸುದ್ದಿ ಮೊದಲೇ ಕಿವಿಗೆ ಬಿದ್ದಿತ್ತು.

"ಅವ್ಳೇ ಬಿದ್ಲು ಮಾವ. ಎಮ್ಮೆ ಅಗ್ಗ ಬಿಚ್ಕೊಂಡು ಪೈರಿಗೆ ಬಾಯಾಕ್ತು, ನಾನು ಒಂದೇಟು ಒಡ್ದೆ. ಓಗಿ ಬಿದ್ಲು. ಪೋಲೀಸು, ಕೇಸು ಅಂತ ಅಪ್ಪ ಎದ್ರಿಕೊಂಡ. ಎತ್ತಿ ಮಣ್ಣು ಮಾಡಿ ಬಿಡಾಣ ಅಂತಲೇ ನಿನ್ ಅತ್ರ ಬಂದಿದ್ದು."

"ಎತ್ತಿದ್ರಾ?"

"ನೀನು ಯೋಳ್ದಂಗೇ ಮಾಡ್ದೆ. ಗೋಡೆ ಗುಂಟ ಸುತ್ತಿಸ್ದೆ. ತಗಲ್ತು. ಕೂರೋವರ್ಗೂ ಸುಮ್ನಿದ್ದೆ. ಅಪ್ಪಾನೂ ನಾನೂ ಇಡ್ಕೊಂಡು ಎಳ್ದ್ವಿ. ಅರ್ಧದವರ್ಗೂ ಬಂದ್ಲು. ಆಮೇಲೆ ಆ ದಪ್ಪ ಕೊಕ್ಕೆ ಜಾರ್ತು. ಅದು ಸರಿ ಇರ್ಲಿಲ್ಲ ಮಾವ, ಉಲ್ಟಾ ಬಾಗಿತ್ತು. ಇನ್ನೊಂದು ಸಲ ತಗಲ್ಲೇ ಇಲ್ಲ. ಬೆಳಕರೀತು, ಜನ ಓಡಾಡಕ್ ಸುರುವಾದ್ರು. ಮಣ್ಣು ಎಳ್ದು, ಬಾಯಿವರ್ಗೂ ತುಂಬಿದ್ಮೇಲೆ ಇದನ್ನೂ ಅದ್ರಾಗೇ ಆಕ್ಬಿಟ್ವಿ."

ಅವನು ಇದನ್ನೆಲ್ಲ ಹಾಲಿನ ಲೆಕ್ಕ ಹೇಳುವ ಧ್ವನಿಯಲ್ಲಿ ಹೇಳಿದ. ಬಿದ್ದಳೋ, ಏಟಿಗೆ ಸತ್ತವಳನ್ನು ತಳ್ಳಿದರೋ, ಕದಿರಪ್ಪನಿಗೆ ಕಡೆಯವರೆಗೂ ತಿಳಿಯಲಿಲ್ಲ. ಕಡಲೇಕಾಯಿ ಏನಾಯಿತು ಅಂತ ಕೇಳಬೇಕು ಅನ್ನಿಸಿತು ಅವನಿಗೆ, ಯಾಕೆ ಅಂತ ಗೊತ್ತಿಲ್ಲ. ಕೇಳಲಿಲ್ಲ. ಹೊರಡುವಾಗ ಆಂಜಿನಪ್ಪನ ಹೆಂಡತಿ ಕಾಫಿ ತಂದು ಮುಂದೆ ಹಿಡಿದಳು. ಅವಳಿಗೆ ಏನೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಅಲ್ಲಿಂದ ಅವನು ಪೋಲೀಸ್ ಠಾಣೆಗೆ ಹೋದ. ಅಲ್ಲಿದ್ದವರು ಅವನ ಮಾತು ಕೇಳಿಸಿಕೊಂಡರು. ಓಡಿಹೋದ ಹೆಂಗಸು ಅಂತ ಊರಿಗೆ ಊರೇ ಹೇಳುತ್ತದೆ, ನೀನೇ ತಿಥಿ ಮಾಡಿದವನು, ಈಗ ಒಂದು ಕಬ್ಬಿಣ ಹಿಡಿದುಕೊಂಡು ಬಂದರೆ ಯಾರ ಮೇಲೆ ಕೇಸು ಹಾಕೋದು ಅಂದರು. ಕಬ್ಬಿಣ ಇಲ್ಲೇ ಇರಲಿ, ವಿಚಾರಿಸುತ್ತೇವೆ ಅಂತ ಇಟ್ಟುಕೊಂಡರು. ತಿಂಗಳು ಬಿಟ್ಟು ಹೋದಾಗ ಕಾನ್‌ಸ್ಟೇಬಲ್ ಒಬ್ಬ ಅವನನ್ನು ಗುರುತು ಹಿಡಿದು ನಕ್ಕ. "ನಿನ್ನ ಗರಡಿ ಗಟ್ಟಿ ಐತೆ ತಾತ. ಮುರ್ದ ಬಳೆಗೆ ತಂತಿ ಸುತ್ತಿ, ಕ್ವಾರ್ಟರ್ಸ್ ಬಾವೀಗೆ ಬಿದ್ದ ಬಕೀಟು ಅದ್ರಾಗೇ ತೆಗ್ದ್ವಿ." ವಿಚಾರಣೆಯ ಬಗ್ಗೆ ಆ ಕಾನ್‌ಸ್ಟೇಬಲ್‌ಗೆ ಏನೂ ಗೊತ್ತಿರಲಿಲ್ಲ.

ಇನ್ನು ಉಳಿದದ್ದು ತಾನೇ ಅಗೆಯುವುದು. ಜಯರಾಮಪ್ಪನ ಹತ್ತಿರ ಹೋಗಿ ಎಲ್ಲ ಹೇಳಿದ. ಜಯರಾಮಪ್ಪ ಕೆಟ್ಟವನಲ್ಲ, ಕಣ್ಣಲ್ಲಿ ನೀರು ಹಾಕಿಕೊಂಡ. ಆದರೆ ಗಿಡ ಕಾಯಿ ಬಿಟ್ಟಿತ್ತು. "ಈ ಫಸಲು ಇಳೀಲಿ, ಆಮೇಲೆ ನೋಡಾಣ" ಅಂದ. ಫಸಲು ಇಳಿಯಿತು. ನೆಲದಲ್ಲಿ ಹೆಣ ಇದೆ ಅಂತಾದರೆ ತನ್ನ ಟೊಮ್ಯಾಟೊ ಯಾರು ಕೊಳ್ಳುತ್ತಾರೆ ಅಂತ ಆಗ ಅವನಿಗೆ ಯೋಚನೆ ಹತ್ತಿತು. ಬೇಡ ಅನ್ನಲಿಲ್ಲ, ಆಯಿತು ಅಂತಲೂ ಅನ್ನಲಿಲ್ಲ. ಕದಿರಪ್ಪ ಗುದ್ದಲಿ ಹಿಡಿದು ಹೋದ. ನಾರಾಯಣಮ್ಮನೂ ಹಿಂದೆಯೇ ಬಸ್ಸು ಹತ್ತಿ ಬಂದಳು.

ಬೇವಿನ ಮರದ ಪಕ್ಕ ಅವನು ಗುದ್ದಲಿ ಎತ್ತಿದಾಗ ನಾರಾಯಣಮ್ಮ ಬದುವಿನಿಂದ ಇಳಿದು ಬಂದು ಅವನ ಮುಂದೆ ನೆಲದ ಮೇಲೆ ಕೂತಳು.

"ಏಳು," ಅಂದ ಅವನು. "ಎತ್ತಿ ಮಣ್ಣು ಮಾಡಾಣ."

"ಬ್ಯಾಡ. ಒಂದ್ಸಲ ಕಬ್ಬಿಣ ಕೊಟ್ಟು ಕಿತ್ತು ಎಳೆಸ್ದೆ. ಇನ್ನೊಂದು ಕಬ್ಬಿಣ ಇಕ್ಕಬ್ಯಾಡ ಅವ್ಳ ಮೈಗೆ."

"ನಂಗೊತ್ತಿತ್ತಾ?"

"ನಾನು ಯೋಳಿದ್ನಲ್ಲ. ಮಣ್ಣು ಅಸಿ ಐತೆ ಅಂದ್ನಲ್ಲ. ಅವತ್ತು ಅಗ್ದಿದ್ರೆ ಮಗಳು ಸಿಗೋಳು. ಈಗ ಏನು ಸಿಕ್ತದೆ ನಿಂಗೆ?"

ಕದಿರಪ್ಪ ಎತ್ತಿದ್ದ ಗುದ್ದಲಿ ಇಳಿಸಿದ. ಅವಳು ಏಳಲಿಲ್ಲ. ಜಯರಾಮಪ್ಪನ ಆಳುಗಳು ದೂರದಲ್ಲಿ ನಿಂತು ನೋಡುತ್ತಿದ್ದರು. ಕೊನೆಗೆ ಅವನು ಗುದ್ದಲಿ ಹೆಗಲಿಗೆ ಹಾಕಿಕೊಂಡು, "ನಡಿ, ಬಸ್ಸಿಗೆ ಒತ್ತಾಯ್ತು" ಅಂದ.

"ನಾನು ಬರಲ್ಲ."

ಅವಳು ಹೇಳಿದಂತೆಯೇ ಮಾಡಿದಳು. ಜಯರಾಮಪ್ಪನ ಹತ್ತಿರ ಕೂಲಿಗೆ ನಿಂತಳು. ಪಂಪ್‌ಸೆಟ್ ಮನೆಯ ಪಕ್ಕ ತೆಂಗಿನ ಗರಿಯ ಮರೆ ಕಟ್ಟಿಕೊಂಡು ಅಲ್ಲೇ ಉಳಿದಳು. ಊರವರಿಗೆ ಕಥೆ ಗೊತ್ತಾಯಿತು. ಗೊತ್ತಾದದ್ದು ಏನು, ಅರ್ಧ ಊರಿಗೆ ಮೊದಲಿಂದಲೂ ಗೊತ್ತಿತ್ತು. ಅವಳು ಅವರ ಮನೆಗಳ ಮುಂದೆಯೇ ನೀರಿಗೆ ಹೋಗಿ ಬರುತ್ತಿದ್ದಳು, ಯಾರನ್ನೂ ಬೈಯುತ್ತಿರಲಿಲ್ಲ. ಆಂಜಿನಪ್ಪ ದಾರಿಯಲ್ಲಿ ಎದುರಾದರೆ ಅವನೇ ಅಡ್ಡದಾರಿ ಹಿಡಿಯುತ್ತಿದ್ದ. ಅವನಿಗೆ ಆದ ಶಿಕ್ಷೆ ಅಂದರೆ ಅಷ್ಟೇ.

ಕದಿರಪ್ಪ ಎಮ್ಮೆ ಮಾರಿದ. ಸಂತೆ ದಿನ ಬಸ್ಸಿನಲ್ಲಿ ಕಾಮಸಮುದ್ರಕ್ಕೆ ಹೋಗಿ, ಎಲೆಯಡಿಕೆ, ಒಂದಿಷ್ಟು ಉಪ್ಪು ಕಡಲೆ ತೆಗೆದುಕೊಂಡು ಆ ಹೊಲದ ಬದುವಿನ ಮೇಲೆ ಇಡುತ್ತಿದ್ದ. ಮೊದಮೊದಲು ಮನೆಗೆ ಬಾ ಅಂತ ಕರೆದ. ಅವನು ಮಾತಾಡುವಾಗ ಅವಳು ಕೇಳದ ಕಿವಿ ಅವನ ಕಡೆ ಇರುವ ಹಾಗೆ ತಿರುಗಿ ಹಣ್ಣು ಕೀಳುತ್ತಿದ್ದಳು. ಆಮೇಲೆ ಕರೆಯುವುದು ಬಿಟ್ಟ. ಇಟ್ಟ ಪೊಟ್ಟಣವನ್ನು ಅವಳು ಬಿಚ್ಚಿ ಬೇರೆ ಕೂಲಿ ಹೆಂಗಸರಿಗೆ ಹಂಚುತ್ತಿದ್ದಳು, ತಾನು ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ಸಂತೆ ದಿನ ಹೊಸದಾಗಿ ಕೆಲಸಕ್ಕೆ ಬಂದ ಹೆಂಗಸೊಬ್ಬಳು ಬದುವಿನ ಮೇಲೆ ಕೂತಿದ್ದವನನ್ನು ತೋರಿಸಿ, "ಯಾರಕ್ಕ ಅದು?" ಅಂತ ನಾರಾಯಣಮ್ಮನನ್ನು ಕೇಳಿದಳು. ಅವನಿಗೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದರು. ನಾರಾಯಣಮ್ಮ ತಲೆ ಎತ್ತಿ ನೋಡಿದಳು.

"ಗೊತ್ತಿಲ್ಲಮ್ಮ," ಅಂದಳು. "ಕ್ಯಾಸಂಬಳ್ಳಿ ಕಡೇರು."

ಕದಿರಪ್ಪ ಪೊಟ್ಟಣವನ್ನು ಬದುವಿನ ಮೇಲೆ ಬಿಟ್ಟು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಬಸ್ಸು ನಿಲ್ಲುವ ಕಡೆಗೆ ನಡೆದ.